ನಾಲ್ಕು ದನಿಯಲ್ಲಿ ಓಲಗ

ಮಕ್ಕಳೇ, ನಾಗಮಂಗಲದ ಸೌಮ್ಯಕೇಶವಸ್ವಾಮಿ ಗುಡಿಯ ಉತ್ಸವದಲ್ಲೋ ಊರಿನ ಮದುವೆಯಲ್ಲೋ ನೀವು ಓಲಗ ಕೇಳಿರುತ್ತೀರಿ. ಅಲ್ಲಿ ಏನೇನು ನುಡಿಯುತ್ತದೆ, ಹೇಳಿ ನೋಡೋಣ. ಎರಡು ನಾದಸ್ವರ, ಒಂದು ಡೋಲು, ಒಂದು ತಾಳ. ಜೊತೆಗೆ ಒಂದೇ ಸಮನೆ 'ಸಾ' ಎನ್ನುವ ಶ್ರುತಿ. ಈ ಓಲಗವನ್ನು ಹಳೇ ವಿಡಿಯೋ ಗೇಮ್ ಪೆಟ್ಟಿಗೆಯಲ್ಲಿ ನುಡಿಸಬೇಕಾದರೆ ಏನು ಮಾಡಬೇಕು?

ನಿಮ್ಮ ಅಪ್ಪ ಅಮ್ಮ ಚಿಕ್ಕವರಿದ್ದಾಗ ಟಿವಿಗೆ ಸಿಕ್ಕಿಸಿ, ಕ್ಯಾಸೆಟ್ ಹಾಕಿ ಮಾರಿಯೋ, ಕಾಂಟ್ರಾ ಆಡುತ್ತಿದ್ದ ಪೆಟ್ಟಿಗೆ ಅದು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರವನ್ನು ನೋಡಿ ಮಾಡಿದ್ದು. ಅದರಲ್ಲಿ ಹಾಡನ್ನು ಮುದ್ರಿಸಿ ಇಟ್ಟಿರುವುದಿಲ್ಲ. ಒಳಗಿನ ಚಿಪ್ಪೇ ಆಯಾ ಕ್ಷಣಕ್ಕೆ ಬೇಕಾದ ಸ್ವರ ಹುಟ್ಟಿಸುತ್ತದೆ. ಇಂಥ ಸಂಗೀತಕ್ಕೆ ಚಿಪ್‌ಟ್ಯೂನ್ ಎಂದು ಹೆಸರು. ಹೊಸ ಆಟಗಳ ಸಂಗೀತವನ್ನು ಹಳೇ ಚಿಪ್‌ಗೆ ಒಗ್ಗಿಸುವ ಆಸಕ್ತರು ಇವತ್ತಿಗೂ ಪ್ರಪಂಚದ ತುಂಬ ಇದ್ದಾರೆ.

ಚಿಪ್ ಸ್ವರ ಹುಟ್ಟಿಸುವುದು ಬರೀ ಲೆಕ್ಕದಿಂದ. ಸ್ವರ ಎಂದರೆ ಗಾಳಿಯ ಕಂಪನ ತಾನೇ? ಫ್ಯಾಮಿಕಾಮ್ ಚಿಪ್‌ನ ಗಡಿಯಾರ ಸೆಕೆಂಡಿಗೆ ಸುಮಾರು 17,89,773 ಸಲ ಮಿಡಿಯುತ್ತದೆ. ಪ್ರತಿ 4,064 ಮಿಡಿತಕ್ಕೆ ಒಂದು ಅಲೆಯಂತೆ ಹೊರಗೆ ಬಿಟ್ಟರೆ ಸೆಕೆಂಡಿಗೆ ಎಷ್ಟು ಅಲೆ? ಭಾಗಿಸಿ ನೋಡಿ, ಹೆಚ್ಚುಕಡಿಮೆ 440 ಬರುತ್ತದೆ. ಪ್ರಪಂಚದ ಬಹುಪಾಲು ವಾದ್ಯಗಾರರು ಶ್ರುತಿ ಹೊಂದಿಸಿಕೊಳ್ಳುವ ಸ್ವರ ಅದೇ.

ಈ ಚಿಪ್‌ಗೆ ಐದು ದನಿ. ಐದನೆಯದು ಮುದ್ರಿಸಿದ ಸದ್ದಿನ ತುಣುಕು ನುಡಿಸಲು ಇರುವುದು. ಅದು ಬಹಳ ಜಾಗ ತಿನ್ನುತ್ತದೆ, ಬಿಟ್ಟುಬಿಡೋಣ. ಉಳಿದ ನಾಲ್ಕರಲ್ಲಿ ಓಲಗ ಹಂಚೋಣ.

ಮೊದಲ ಎರಡು ದನಿಗಳ ಅಲೆ ಚೌಕಾಕಾರದ್ದು: ಸ್ವಲ್ಪ ಹೊತ್ತು ಮೇಲೆ, ಸ್ವಲ್ಪ ಹೊತ್ತು ಕೆಳಗೆ. ಅರ್ಧ ಹೊತ್ತು ಮೇಲಿದ್ದರೆ ಸದ್ದು ದುಂಡಗೆ ಕೇಳುತ್ತದೆ. ಎಂಟರಲ್ಲಿ ಒಂದು ಪಾಲು ಮಾತ್ರ ಮೇಲಿದ್ದರೆ ಮೂಗಿನಿಂದ ಬಂದಂತೆ ಚೂಪಾಗುತ್ತದೆ. ನಾದಸ್ವರಕ್ಕೆ ಇದೇ ಸರಿ. ಎರಡನೇ ದನಿಯಲ್ಲಿ ಅದೇ ಸ್ವರಗಳನ್ನು ಒಂದು ಚೂರು ತಡವಾಗಿ, ಮೆಲ್ಲಗೆ ನುಡಿಸಿದರೆ ಗುಡಿಯ ಪ್ರಾಕಾರದಲ್ಲಿ ಪ್ರತಿಧ್ವನಿಸಿದಂತೆ ಕೇಳುತ್ತದೆ.

ಸ್ವರವನ್ನು ಜಾರಿಸಿ, ತೂಗಿಸಿ ನುಡಿಸುವ ಗಮಕ ಮಾತ್ರ ಕಷ್ಟ. ಚಿಪ್ ಪೂರ್ಣಸಂಖ್ಯೆಯಲ್ಲೇ ಎಣಿಸುವುದರಿಂದ ಸ್ವರ ಜಾರುವುದಿಲ್ಲ, ಮೆಟ್ಟಿಲು ಹತ್ತುತ್ತದೆ. 440ರ ಹತ್ತಿರ ಒಂದು ಮೆಟ್ಟಿಲಿಗೆ ಹೆಚ್ಚುಕಡಿಮೆ 2 ಕಂಪನ. ಕಿವಿಗೆ ಗೊತ್ತೇ ಆಗುವುದಿಲ್ಲ. 3,500ರ ಹತ್ತಿರ ಹೋದರೆ ಒಂದೇ ಮೆಟ್ಟಿಲು ನೂರಕ್ಕೂ ಹೆಚ್ಚು. ಅದಕ್ಕೇ ಗಮಕ ಬೇಕಾದ ಕಡೆ ತೀರಾ ಮೇಲಿನ ಸ್ಥಾಯಿಗೆ ಹೋಗಬಾರದು.

ಮೂರನೆಯ ದನಿಯ ಅಲೆ ತ್ರಿಕೋನದ್ದು, ಮೃದು. ಅದನ್ನು ಜೋರು, ಮೆಲ್ಲಗೆ ಮಾಡಲು ಬರುವುದಿಲ್ಲ. ಶ್ರುತಿಯೂ ಏರಿಳಿಯದೆ ನಿಲ್ಲಬೇಕಾದ್ದೇ, ಆದ್ದರಿಂದ ಅದಕ್ಕೆ ಹೇಳಿ ಮಾಡಿಸಿದಂತಿದೆ. ಸರ್ಕ್ಯೂಟಿನಿಂದ ಶ್ರುತಿ ಹಿಡಿಸುವ ಕೆಲಸ ನಮ್ಮ ರಾಜ್ಯದಲ್ಲೂ ನಡೆದಿದೆ. ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕ ಜಿ. ರಾಜ್ ನಾರಾಯಣ್ 1979ರಲ್ಲೇ ಎಲೆಕ್ಟ್ರಾನಿಕ್ ತಂಬೂರಿಯನ್ನು ಮದರಾಸಿನ ಸಂಗೀತ ಅಕಾಡೆಮಿಯಲ್ಲಿ ತೋರಿಸಿದ್ದರು.

ನಾಲ್ಕನೆಯದು 'ಶ್' ಎನ್ನುವ ಬರೀ ಗದ್ದಲ. ಚಿಕ್ಕದಾಗಿ ಕತ್ತರಿಸಿದರೆ ತಾಳದ ಸದ್ದಾಗುತ್ತದೆ. ಹಾಗಾದರೆ ಡೋಲು?

ಡೋಲಿಗೆ ದನಿ ಉಳಿದಿಲ್ಲ! ಇಲ್ಲೇ ಚಿಪ್‌ಟ್ಯೂನ್ ಮಾಡುವವರ ಜಾಣತನ ಇರುವುದು. ಅವರು ಮೂರನೇ ದನಿಯಲ್ಲಿರುವ ಶ್ರುತಿಯನ್ನು ಅರೆಕ್ಷಣ ನಿಲ್ಲಿಸುತ್ತಾರೆ. ಆ ಸಂದಿನಲ್ಲಿ ಅದೇ ದನಿಯಿಂದ ಮೇಲಿನಿಂದ ಕೆಳಕ್ಕೆ ಸರ್ರನೆ ಬೀಳುವ ಒಂದು ಸ್ವರ ನುಡಿಸುತ್ತಾರೆ. ಅದು 'ಧುಂ' ಎಂದು ಡೋಲಿನಂತೆ ಕೇಳುತ್ತದೆ. ಜೊತೆಗೆ ನಾಲ್ಕನೇ ದನಿಯ ಗದ್ದಲವನ್ನೂ ಸೇರಿಸುತ್ತಾರೆ. ಮರುಕ್ಷಣವೇ ಶ್ರುತಿ ಮತ್ತೆ ಶುರು.

ಶ್ರುತಿ ತುಂಡಾಯಿತಲ್ಲ ಎನ್ನುತ್ತೀರಾ? ತುಂಡಾಗಿದ್ದು ನಿಜ, ಆದರೆ ನಮಗೆ ಹಾಗೆ ಕೇಳುವುದಿಲ್ಲ. ಎಡೆಬಿಡದ ಒಂದು ಸ್ವರದ ನಡುವೆ ಸಣ್ಣ ಸಂದು ಬಿದ್ದು, ಆ ಸಂದನ್ನು ಜೋರಾದ ಸದ್ದು ಮುಚ್ಚಿದರೆ, ಸ್ವರ ನಡೆದೇ ಇತ್ತು ಎಂದು ನಮ್ಮ ಮಿದುಳು ತೀರ್ಮಾನಿಸಿಬಿಡುತ್ತದೆ. ಜಾತ್ರೆಯ ಗದ್ದಲದಲ್ಲಿ ಪಟಾಕಿ ಸಿಡಿದರೂ ಅಮ್ಮನ ಮಾತು ಮುರಿಯದೆ ಕೇಳುವುದಕ್ಕೆ ಈ ಗುಣವೂ ಕಾರಣ. ಹೊರಗೆ ಇಲ್ಲದ್ದನ್ನು ತುಂಬಿಕೊಂಡು ಕೇಳುವ ಈ ಶಕ್ತಿ ನಿಮ್ಮೊಳಗೇ ಇದೆ. ಚಿಪ್ ನುಡಿಸುವುದು ನಾಲ್ಕೇ ದನಿ, ಐದನೆಯದು ಕೇಳುವವರ ಪಾಲು.

ಈಗ ನಿಮಗೊಂದು ಕೆಲಸ. ನಿಮಗಿಷ್ಟವಾದ ಹಾಡೊಂದನ್ನು ಗಮನವಿಟ್ಟು ಕೇಳಿ, ಅದರಲ್ಲಿರುವ ವಾದ್ಯಗಳನ್ನೆಲ್ಲ ಬರೆದುಕೊಳ್ಳಿ. ಆಮೇಲೆ ನಾಲ್ಕನ್ನು ಮಾತ್ರ ಉಳಿಸಿ ಉಳಿದವನ್ನು ಹೊಡೆದುಹಾಕಿ. ಯಾವುದನ್ನು ತೆಗೆದರೂ ಹಾಡು ಗುರುತು ಸಿಗುತ್ತದೆ, ಯಾವುದನ್ನು ತೆಗೆದರೆ ಸಿಗುವುದಿಲ್ಲ ಎಂದು ಗೆಳೆಯರ ಜೊತೆ ಮಾತಾಡಿ. ಒಬ್ಬೊಬ್ಬರ ಪಟ್ಟಿ ಒಂದೊಂದು ಥರ ಇದ್ದರೆ ಜಗಳ ಬೇಡ, ಹಾಡು ಮತ್ತೊಮ್ಮೆ ಹಾಕಿ ಕೇಳಿ.