ಕಾರ್ಡ್ ಹೋಗಿದೆ ಎನ್ನುವ ಮುನ್ನ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)



ನನಗೆ ಭಾಷಣ ಬರುವುದಿಲ್ಲ. ನಿನ್ನೆ ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ನಡೆದದ್ದನ್ನಷ್ಟೇ ಹೇಳುತ್ತೇನೆ. ನಾವು ಓದುವಾಗ ಆ ಕೋಣೆಗೆ ಚಪ್ಪಲಿ ಬಿಟ್ಟು ಹೋಗುತ್ತಿದ್ದೆವು. ಅಭ್ಯಾಸಬಲ, ನಿನ್ನೆಯೂ ಬಿಟ್ಟೇ ಹೋದೆ.

ಹಳೆಯ ವಿದ್ಯಾರ್ಥಿಗಳು ಕೊಟ್ಟ ಆರು ಲ್ಯಾಪ್‌ಟಾಪ್‌ಗಳು ಬೀರುವಿನಲ್ಲಿದ್ದವು. ಹಳೆಯವು. ವಿಂಡೋಸ್ ತೀರಾ ನಿಧಾನವಾಯಿತೆಂದು ಡೆಬಿಯನ್ ಲಿನಕ್ಸ್ ಹಾಕಿಸಿದ್ದರು. ಚೆನ್ನಾಗಿಯೇ ಓಡುತ್ತವೆ, ವೈಫೈ ಮಾತ್ರ ಇಲ್ಲ. ರಿಪೇರಿಯವರು "ಕಾರ್ಡ್ ಹೋಗಿದೆ" ಎಂದರಂತೆ. "ಒಂದ್ಸಲ ನೋಡಪ್ಪ, ಆಗ್ಲಿಲ್ಲ ಅಂದ್ರೆ ಗುಜರಿ ಪಟ್ಟಿಗೆ ಬರೀತೀನಿ" ಎಂದರು ಮೇಷ್ಟ್ರು.

ಮೊದಲು ಕಾರ್ಡನ್ನೇ ವಿಚಾರಿಸಬೇಕು. ಟರ್ಮಿನಲ್ ತೆರೆದು 'ಎಲ್‌ಎಸ್‌ಪಿಸಿಐ' ಎಂಬ ಆದೇಶ ಕೊಟ್ಟರೆ ಒಳಗಿರುವ ಕಾರ್ಡುಗಳು ತಮ್ಮ ಹೆಸರು ಹೇಳುತ್ತವೆ. ಐದು ಯಂತ್ರಗಳಲ್ಲಿ ಬ್ರಾಡ್‌ಕಾಮ್ ಬಿಸಿಎಂ4312 ಎಂದು ಬಂತು. ಕರೆದರೆ ಓಗೊಡುವವನು ಸತ್ತಿಲ್ಲ ತಾನೆ?

ಹಾಗಾದರೆ ತೊಂದರೆ ಎಲ್ಲಿ? ಅದನ್ನು 'ಡಿಮೆಸೇಜ್' ಹೇಳುತ್ತದೆ. ಅದು ಯಂತ್ರ ಎದ್ದಾಗಿನಿಂದ ಲಿನಕ್ಸ್ ಬರೆದಿಟ್ಟುಕೊಂಡ ದಿನಚರಿ. ಜನ ಅದನ್ನು ಓದದೆ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ನಾನೂ ಕಾಲೇಜಿನಲ್ಲಿ ಒಂದು ರಾತ್ರಿ ಪೂರ್ತಿ ಹಾಗೇ ಕಳೆದವನು. ಅದರಲ್ಲಿ ಸ್ಪಷ್ಟವಾಗಿಯೇ ಇತ್ತು: ಬಿ43 ಡ್ರೈವರ್ ಇದೆ, ಅದಕ್ಕೆ ಬೇಕಾದ ಫರ್ಮ್‌ವೇರ್ ಕಡತ ಸಿಗುತ್ತಿಲ್ಲ. ಡ್ರೈವರ್ ಎಂದರೆ ಕಾರ್ಡನ್ನು ನಡೆಸುವವನು. ಫರ್ಮ್‌ವೇರ್ ಎಂದರೆ ಕಾರ್ಡಿನ ಒಳಗೇ ಓಡಬೇಕಾದ ಪುಟ್ಟ ಪ್ರೋಗ್ರಾಂ. ಈ ಕಡತವನ್ನು ಹಂಚಲು ಕಂಪನಿಯ ಪರವಾನಗಿ ಇಲ್ಲದ್ದರಿಂದ ಡೆಬಿಯನ್ ಅದನ್ನು ಜೊತೆಗೆ ಕೊಡುವುದಿಲ್ಲ. ಬದಲಿಗೆ, ಅದನ್ನು ಇಂಟರ್‌ನೆಟ್‌ನಿಂದ ತಂದು ಹಾಕುವ ಒಂದು ಪ್ಯಾಕೇಜ್ ಕೊಡುತ್ತದೆ.

ಮಕ್ಕಳು ನಕ್ಕರು. ನೆಟ್ ಬರಲು ಕಡತ ಬೇಕು, ಕಡತ ಬರಲು ನೆಟ್ ಬೇಕು!

ದಾರಿ ಜೇಬಿನಲ್ಲೇ ಇತ್ತು. ಆಂಡ್ರಾಯ್ಡ್ ಫೋನನ್ನು ಚಾರ್ಜರ್ ವೈರಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಒತ್ತಿದರೆ ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ತಿಳಿಯುತ್ತದೆ. ವೈರು ಬರೀ ಚಾರ್ಜಿಂಗ್‌ದಾಗಿರಬಾರದು, ಡೇಟಾ ಹರಿಯುವಂಥದ್ದಾಗಿರಬೇಕು. ನಮಗೆ ಸಿಕ್ಕಿದ್ದು ಮೂರನೆಯ ವೈರು. ಡೆಬಿಯನ್‌ನ ಪಟ್ಟಿಯಲ್ಲಿ 'ಕಾಂಟ್ರಿಬ್' ವಿಭಾಗ ಸೇರಿಸಿ, 'ಫರ್ಮ್‌ವೇರ್-ಬಿ43-ಎಲ್‌ಪಿಫೈ-ಇನ್‌ಸ್ಟಾಲರ್' ಹಾಕಿ ಯಂತ್ರ ರೀಸ್ಟಾರ್ಟ್ ಮಾಡಿದೆವು. ಶಾಲೆಯ ವೈಫೈ ಹೆಸರು ತೆರೆಯ ಮೇಲೆ ಬಂತು.

ಎರಡನೆಯದರಲ್ಲಿ ಇಷ್ಟೆಲ್ಲ ಮಾಡಿದರೂ ಬರಲಿಲ್ಲ. 'ಆರ್‌ಎಫ್‌ಕಿಲ್' ಕೇಳಿದರೆ 'ಹಾರ್ಡ್ ಬ್ಲಾಕ್' ಎಂದಿತು. ಲ್ಯಾಪ್‌ಟಾಪಿನ ಅಂಚಿನಲ್ಲೊಂದು ಸಣ್ಣ ಸ್ವಿಚ್, ಅದು ಆಫ್ ಆಗಿತ್ತು! ಬಿಇ ಓದಿದ ನನ್ನ ಕಣ್ಣಿಗೆ ಬೀಳದ್ದು ಒಂಬತ್ತನೇ ತರಗತಿಯ ಹುಡುಗಿಯ ಕಣ್ಣಿಗೆ ಬಿತ್ತು. ಉಳಿದ ಮೂರನ್ನು ಅವಳೇ ಮಾಡಿದಳು. ನಾನು ಕೈಕಟ್ಟಿ ಕೂತಿದ್ದೆ. ನನಗೆ ಅದೇ ಕಷ್ಟದ ಕೆಲಸ.

ಆರನೆಯದರ ಕಾರ್ಡ್ ಓಗೊಡಲೇ ಇಲ್ಲ. ಬಿಚ್ಚಿ ಮತ್ತೆ ಕೂರಿಸಿ ನೋಡಿದೆವು, ಇಲ್ಲ. ಅದು ನಿಜಕ್ಕೂ ಹೋಗಿದೆ. ರಿಪೇರಿಯವರು ಆರಕ್ಕೆ ಒಂದರಲ್ಲಿ ಸರಿ. ಆದರೂ ಮೇಷ್ಟ್ರೇ, ಅದನ್ನೂ ಗುಜರಿಗೆ ಬರೆಯಬೇಡಿ. ಕೇಬಲ್ ಸಿಕ್ಕಿಸುವ ಜಾಗ ಅದರಲ್ಲಿ ಚೆನ್ನಾಗಿದೆ. ಆಫೀಸ್ ಕೋಣೆಯಿಂದ ಹತ್ತು ಮೀಟರ್ ಎಳೆದರೆ ಸಾಕು, ಸಂಜೆ ಊರಿಗೆ ಹೊರಡುವ ಮೊದಲು ತಂದು ಹಾಕುತ್ತೇನೆ.