ಜೋಳದ ನಾಡಿನಲ್ಲಿ ಮರೆವಿನ ಮದ್ದು



ಅಕ್ಕಿ ತಿಂದವನು ಹಕ್ಕಿ, ಜೋಳ ತಿಂದವನು ತೋಳ ಅಂತ ನಮ್ಮ ಕಡೆ ಹಿರಿಯರು ಮೀಸೆ ತಿರುವಿಕೊಂಡು ಹೇಳುತ್ತಿದ್ದರು. ರಾಯಚೂರು ಕಡೆಯ ಕಲ್ಮಲ ದಾಟಿ ಒಂದು ಕಡೆ ದೇವದುರ್ಗ, ಇನ್ನೊಂದು ಕಡೆ ಮಾನ್ವಿಯವರೆಗಿನ ಎರೆಹೊಲಗಳಲ್ಲಿ ಹಿಂಗಾರಿ ಜೋಳ ನೋಡಿದವರಿಗೆ ಆ ಗರ್ವ ಎಲ್ಲಿಂದ ಬಂತು ಅನ್ನುವುದು ಗೊತ್ತು. ಆದರೆ ದಖ್ಖನ್ನಿನ ಇದೇ ಜೋಳದ ನಾಡಿನಲ್ಲಿ, ಜೋಳ ಬಿಟ್ಟರೆ ಬೇರೇನೂ ಕಾಣದ ಬಡವರ ಮೈ ಕಪ್ಪಿಟ್ಟು, ಹೊಟ್ಟೆ ಕೆಟ್ಟು, ಕೊನೆಗೆ ಬುದ್ಧಿಯೂ ಮಂಕಾಗುತ್ತಿದ್ದ ಕಾಲವೊಂದಿತ್ತು. ಅದು ಈಗ ಯಾರ ನೆನಪಿನಲ್ಲೂ ಇಲ್ಲ.

ಮುಪ್ಪಿನಲ್ಲಿ ಮೆದುಳಿಗೆ ಬಲ ಕೊಡುತ್ತವೆಂದು ಮಾರುವ ಮಾತ್ರೆ, ಪುಡಿ, ಟಾನಿಕ್ಕುಗಳ ಚರಿತ್ರೆ ಇವತ್ತಿನ ವಿಷಯ. ಇದನ್ನು ಕೆಲವರು ಚರಕನಿಂದ ಶುರು ಮಾಡುತ್ತಾರೆ, ಕೆಲವರು ಅಮೆರಿಕದಿಂದ. ನಾನು ರೊಟ್ಟಿಯಿಂದ ಶುರು ಮಾಡುತ್ತೇನೆ.

ಜೋಳದ ನಾಡಿನ ಬಡವರನ್ನು ಹಿಡಿದ ಆ ಕಾಯಿಲೆಯ ಹೆಸರು ಪೆಲ್ಲಾಗ್ರ. 1735ರಲ್ಲಿ ಸ್ಪೇನಿನ ಗಾಸ್ಪರ್ ಕಸಾಲ್ ಎಂಬ ವೈದ್ಯ ಮೆಕ್ಕೆಜೋಳ ತಿಂದು ಬದುಕುವ ಬಡರೈತರಲ್ಲಿ ಇದನ್ನು ಮೊದಲು ಗುರುತಿಸಿದ. ಬಿಸಿಲು ಬೀಳುವ ಕಡೆ, ಅಂದರೆ ಕುತ್ತಿಗೆಯ ಸುತ್ತ, ಮುಂಗೈ ಮೇಲೆ, ಪಾದಗಳ ಮೇಲೆ ಚರ್ಮ ಸುಟ್ಟಂತೆ ಕಪ್ಪಾಗುತ್ತದೆ. ಆಮೇಲೆ ಭೇದಿ. ಆಮೇಲೆ ನಿದ್ದೆಗೇಡು, ದುಗುಡ, ಮರೆವು, ಭ್ರಮೆ. ಸುಮ್ಮನೆ ಬಿಟ್ಟರೆ ಸಾವು. ಇಟಲಿಯ, ಅಮೆರಿಕದ ಹುಚ್ಚಾಸ್ಪತ್ರೆಗಳಲ್ಲಿ ಇಂಥ ರೋಗಿಗಳು ತುಂಬಿಹೋಗಿದ್ದರು. ಹುಚ್ಚು ಎಂದು ಒಳಗೆ ಹಾಕಿದವರಲ್ಲಿ ಎಷ್ಟೋ ಮಂದಿಗೆ ಇದ್ದದ್ದು ಊಟದ ಕೊರತೆ.

ಅಂಟುರೋಗ ಇರಬೇಕು ಅಂತಲೇ ಆಗ ಎಲ್ಲರ ಲೆಕ್ಕ. ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ಅಮೆರಿಕದ ಸರ್ಕಾರಿ ವೈದ್ಯನ ಕಣ್ಣಿಗೆ ಮಾತ್ರ ಬೇರೊಂದು ಸಂಗತಿ ಬಿತ್ತು. ಆಸ್ಪತ್ರೆಯಲ್ಲಿ ರೋಗ ಬರುವುದು ಒಳಗಿದ್ದವರಿಗೆ, ಅವರನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಬರುವುದೇ ಇಲ್ಲ. ಅಂಟುರೋಗಕ್ಕೆ ಸಂಬಳದವರು ಯಾರು, ರೋಗಿ ಯಾರು ಅನ್ನುವ ಭೇದ ಎಲ್ಲಿಂದ ಬರಬೇಕು? 1916ರಲ್ಲಿ ಅವನೂ ಅವನ ಹೆಂಡತಿ ಮೇರಿಯೂ ಕೆಲವು ಜೊತೆಗಾರರೂ ಸೇರಿ ರೋಗಿಗಳ ರಕ್ತ ಚುಚ್ಚಿಸಿಕೊಂಡರು. ಗಂಡಸರು ರೋಗಿಗಳ ಚರ್ಮದ ಹಕ್ಕಳೆಯನ್ನು ಹಿಟ್ಟಿನಲ್ಲಿ ಕಲಸಿ ಗುಳಿಗೆ ಮಾಡಿ ನುಂಗಿದರು. ಯಾರಿಗೂ ಏನೂ ಆಗಲಿಲ್ಲ. ಮೆದುಳಿನ ಆರೋಗ್ಯದ ಹೆಸರಿನಲ್ಲಿ ನುಂಗಿದ ಗುಳಿಗೆಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಇನ್ನೊಂದು ಇರಲಾರದು. ಹಾಲು, ಮಾಂಸ, ಮೊಟ್ಟೆ ಕೊಟ್ಟರೆ ರೋಗ ಹೋಗುತ್ತದೆ, ಅಗ್ಗದ ಈಸ್ಟ್ ಪುಡಿ ಕೊಟ್ಟರೂ ಹೋಗುತ್ತದೆ ಅಂತ ಗೋಲ್ಡ್‌ಬರ್ಗರ್ ತೋರಿಸಿಕೊಟ್ಟ. ಅದರೊಳಗಿನ ಸತ್ವ ನಿಯಾಸಿನ್ ಎಂಬ ಬಿ ಜೀವಸತ್ವ ಎಂದು 1937ರಲ್ಲಿ ಕಾನ್ರಾಡ್ ಎಲ್ವೆಹೆಮ್ ಕಂಡುಹಿಡಿಯುವ ಹೊತ್ತಿಗೆ ಅವನು ತೀರಿಕೊಂಡು ಎಂಟು ವರ್ಷವಾಗಿತ್ತು. ಹಾಸಿಗೆಯಲ್ಲಿ ಗುರುತು ಹಿಡಿಯದೆ ಬಡಬಡಿಸುತ್ತಿದ್ದವರು ನಿಯಾಸಿನ್ ಕೊಟ್ಟ ಕೆಲವೇ ದಿನಗಳಲ್ಲಿ ಮನೆಯವರ ಹೆಸರು ಹೇಳಿ ಕರೆಯತೊಡಗಿದರು. ಬುದ್ಧಿಗೆ ಮಾತ್ರೆ ಎಂಬ ಆಸೆ ಜಗತ್ತಿಗೆ ಹತ್ತಿದ್ದು ಇಂಥ ಪವಾಡಗಳಿಂದ.

ಈಗ ನಮ್ಮ ಕಡೆ ಬರೋಣ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಕಟ್ಟಿದ ಪೋಷಣಾ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂತು. ಅದೇ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಅಲ್ಲಿನ ವೈದ್ಯರಿಗೆ ಸುತ್ತಲಿನ ಜೋಳ ತಿನ್ನುವ ಕೂಲಿಕಾರರಲ್ಲಿ ಪೆಲ್ಲಾಗ್ರ ಕಂಡಿತು. ನಮ್ಮ ರಾಯಚೂರು ಕೂಡ 1956ರವರೆಗೆ ಅದೇ ಹೈದರಾಬಾದ್ ಪ್ರಾಂತದ ಭಾಗ; ಅದೇ ಬಿಸಿಲು, ಅದೇ ಜೋಳ, ಹೆಚ್ಚುಕಡಿಮೆ ಅದೇ ಬಡತನ. ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಅವರಿಗೆ ಒಂದು ಒಗಟು ಎದುರಾಯಿತು. ಮೆಕ್ಕೆಜೋಳದಲ್ಲಿ ನಿಯಾಸಿನ್ ಮೈಗೆ ಸಿಗದಂತೆ ಕಟ್ಟಿಕೊಂಡಿರುತ್ತದೆ, ಸರಿ. ನಮ್ಮ ಬಿಳಿಜೋಳದಲ್ಲಿ ನಿಯಾಸಿನ್ ಅಕ್ಕಿಗಿಂತ ಕಡಿಮೆಯೇನೂ ಇಲ್ಲ. ಹಾಗಿದ್ದರೂ ಅಕ್ಕಿ ಉಣ್ಣುವವರಿಗೆ ಬಾರದ ರೋಗ ಜೋಳ ತಿನ್ನುವವರಿಗೆ ಯಾಕೆ?

1960ರಲ್ಲಿ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಉತ್ತರ ಬರೆದರು. ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಅತಿಯಾಗಿದೆ. ಟ್ರಿಪ್ಟೊಫ್ಯಾನ್ ಎಂಬ ಇನ್ನೊಂದು ಅಮೈನೋ ಆಮ್ಲದಿಂದ ನಮ್ಮ ದೇಹ ತಾನೇ ನಿಯಾಸಿನ್ ಮಾಡಿಕೊಳ್ಳುವ ಕೆಲಸಕ್ಕೆ ಅದು ಅಡ್ಡ ಬರುತ್ತದೆ ಎಂಬುದು ಅವರ ವಾದ. ಎಲ್ಲರೂ ಇದನ್ನು ಒಪ್ಪಲಿಲ್ಲ, ವಾದ ವರ್ಷಗಟ್ಟಲೆ ನಡೆಯಿತು. 1971ರಲ್ಲಿ ಕಮಲಾ ಕೃಷ್ಣಸ್ವಾಮಿ ಮತ್ತು ಗೋಪಾಲನ್ ಪೆಲ್ಲಾಗ್ರ ರೋಗಿಗಳ ತಲೆಗೆ ತಂತಿ ಜೋಡಿಸಿ ಮೆದುಳಿನ ಅಲೆಗಳನ್ನೇ ದಾಖಲು ಮಾಡಿದರು. ಲ್ಯೂಸಿನ್‌ಗೆ ಎದುರಾಗಿ ನಿಲ್ಲುವ ಐಸೊಲ್ಯೂಸಿನ್ ಕೊಟ್ಟಾಗ ಚರ್ಮದ ಜೊತೆ ಆ ಅಲೆಗಳೂ ಸುಧಾರಿಸಿದವು ಎಂದು ಬರೆದರು. ರೊಟ್ಟಿಗೂ ತಲೆಗೂ ನಡುವಿನ ದಾರಿಯನ್ನು ಹೀಗೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದು ನಮ್ಮ ನೆರೆಯೂರಿನಲ್ಲಿ, ನಮ್ಮದೇ ಧಾನ್ಯದ ಮೇಲೆ. ಈ ಕಥೆ ನಮ್ಮ ಶಾಲೆಯ ಪುಸ್ತಕಗಳಲ್ಲಿ ಇರಬೇಕಿತ್ತು.

ಹಾಗಂತ ಜೋಳವನ್ನು ಬೈಯುವಂತಿಲ್ಲ. ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಹೆಸರುಕಾಳು ಪಲ್ಯ, ಮಜ್ಜಿಗೆ ಇದ್ದ ಮನೆಗೆ ಈ ರೋಗ ಕಾಲಿಡಲಿಲ್ಲ. ಶೇಂಗಾದಲ್ಲಿ ನಿಯಾಸಿನ್ ಹೇರಳ. ರೊಟ್ಟಿಯ ಮೇಲೆ ಬರೀ ಉಪ್ಪು, ಖಾರ, ಒಂದು ಉಳ್ಳಾಗಡ್ಡಿ ಇಟ್ಟುಕೊಂಡು ತಿಂಗಳುಗಟ್ಟಲೆ ಉಂಡವರು ಬಿದ್ದರು. ತುಂಗಭದ್ರಾ ಎಡದಂಡೆ ಕಾಲುವೆ ಬಂತು, ಮಾನ್ವಿ ಕಡೆ ಹೊಲಗಳು ಗದ್ದೆಗಳಾದವು, ರೇಷನ್ ಅಕ್ಕಿ ಬಂತು, ಕೂಲಿಕಾರನ ತಟ್ಟೆಯಲ್ಲಿ ಎರಡನೆಯದೊಂದು ಪದಾರ್ಥ ಬಂತು. ಪೆಲ್ಲಾಗ್ರ ಹೆಚ್ಚು ಸದ್ದಿಲ್ಲದೆ ಹಿಂದೆ ಸರಿಯಿತು. ಈಗ ಅದನ್ನು ಕಾಣುವುದು ಹೆಚ್ಚಾಗಿ ಕುಡಿತಕ್ಕೆ ಬಿದ್ದು ಊಟ ಬಿಟ್ಟವರಲ್ಲಿ.

ನಿಯಾಸಿನ್‌ನ ಇದೇ ಬಿ ಕುಟುಂಬದ ಇನ್ನೆರಡು ಜೀವಸತ್ವಗಳ ಕಥೆ ಬೇಗ ಹೇಳಿಬಿಡುತ್ತೇನೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದು, ಬಟ್ಟೆಗಿರಣಿಯ ಬಡ ಬಸುರಿಯರ ರಕ್ತಹೀನತೆಗೆ ಮಾರ್ಮೈಟ್ ಎಂಬ ಈಸ್ಟ್ ಸಾರ ಕೊಟ್ಟು ಗೆದ್ದಳು. ಅದರಲ್ಲಿದ್ದದ್ದು ಫೋಲಿಕ್ ಆಮ್ಲ. ಎರಡನೆಯದು ಬಿ12. 1926ರಲ್ಲಿ ಮೈನಾಟ್ ಮತ್ತು ಮರ್ಫಿ ಎಂಬ ಅಮೆರಿಕದ ವೈದ್ಯರು ಮಾರಕ ರಕ್ತಹೀನತೆಯವರಿಗೆ ದಿನಾ ಬಟ್ಟಲುಗಟ್ಟಲೆ ಈಲಿ ತಿನ್ನಿಸಿ ಬದುಕಿಸಿದರು. 1948ರಲ್ಲಿ ಬೇರೆ ವಿಜ್ಞಾನಿಗಳು ಆ ಈಲಿಯೊಳಗಿನ ಕೆಂಪು ಹರಳನ್ನು ಬೇರ್ಪಡಿಸಿದರು. ಅದರ ಜಟಿಲ ರಚನೆಯನ್ನು ಬಿಡಿಸಿದ ಡೊರೊಥಿ ಹಾಡ್‌ಕಿನ್‌ಗೆ 1964ರ ನೊಬೆಲ್ ಬಂತು.

ಬಿ12 ಸಸ್ಯಗಳಲ್ಲಿ ಇಲ್ಲ. ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನಲ್ಲಿ ಇದೆ. ಶುದ್ಧ ಶಾಕಾಹಾರದ ಮನೆಗಳಲ್ಲಿ, ಅದರಲ್ಲೂ ಹಾಲೆಲ್ಲ ಡೈರಿಗೆ ಹೋಗಿ ಚಹಾಕ್ಕಷ್ಟೇ ಉಳಿಯುವ ಮನೆಗಳಲ್ಲಿ ಇದರ ಕೊರತೆ ಸಾಮಾನ್ಯ. ವಯಸ್ಸಾದಂತೆ ಹೊಟ್ಟೆಯಲ್ಲಿ ಆಮ್ಲ ಕಡಿಮೆಯಾಗಿ ತಿಂದದ್ದರಿಂದಲೂ ಅದನ್ನು ಹೀರಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಿಗೆ, ಎದೆಯುರಿಗೆ ದಿನಾ ಒಮೆಪ್ರಜೋಲ್ ತಿನ್ನುವವರಿಗೆ ಇನ್ನೂ ಹೆಚ್ಚು. ಪಾದ ಜುಮ್ಮೆನ್ನುತ್ತದೆ, ಕತ್ತಲಲ್ಲಿ ನಡೆದರೆ ಓಲಾಡುತ್ತದೆ, ಇಟ್ಟ ಸಾಮಾನು ಮರೆತುಹೋಗುತ್ತದೆ. ಅರವತ್ತಕ್ಕೆ ಅರಳುಮರಳು ಅಂತ ಮನೆಯವರು ಸುಮ್ಮನಾಗುತ್ತಾರೆ. ಮರೆವಿನ ಕಾರಣಗಳಲ್ಲಿ ತಿರುಗಿ ಸರಿಹೋಗಬಲ್ಲವು ಬಹಳ ಕಡಿಮೆ. ಅಂಥ ಕೆಲವೇ ಕಾರಣಗಳಲ್ಲಿ ಇದು ಒಂದು, ಥೈರಾಯ್ಡ್ ಕೊರತೆ ಇನ್ನೊಂದು.

ಇನ್ನು ಬ್ರಾಹ್ಮಿಯ ಮಾತು. ಚರಕ ಸಂಹಿತೆಯಲ್ಲಿ ಮೇಧ್ಯ ರಸಾಯನ ಅಂತ ನಾಲ್ಕು ಹೇಳಿದ್ದಾರೆ: ಮಂಡೂಕಪರ್ಣಿಯ ರಸ, ಹಾಲಿನಲ್ಲಿ ಜ್ಯೇಷ್ಠಮಧುವಿನ ಚೂರ್ಣ, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ. ಮಂಡೂಕಪರ್ಣಿ ಎಂದರೆ ಮಲೆನಾಡಿನವರು ತಂಬುಳಿ ಮಾಡುವ ಒಂದೆಲಗ. ಕೆಲವರು ಅದನ್ನೇ ಬ್ರಾಹ್ಮಿ ಎನ್ನುತ್ತಾರೆ, ಕೆಲವರು ನೀರಿನ ಅಂಚಿನಲ್ಲಿ ಬೆಳೆಯುವ ಬಕೋಪ ಎಂಬ ಇನ್ನೊಂದು ಗಿಡವನ್ನು ಬ್ರಾಹ್ಮಿ ಎನ್ನುತ್ತಾರೆ. ನಮ್ಮ ಒಣನೆಲದಲ್ಲಿ ಎರಡೂ ಅಪರೂಪ, ಆದ್ದರಿಂದ ನಮಗೆ ಬ್ರಾಹ್ಮಿ ಬಂದದ್ದು ಬಾಟಲಿಯಲ್ಲಿ, ತಲೆಗೆ ಹಚ್ಚುವ ಎಣ್ಣೆಯಾಗಿ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ದಶಕಗಳ ಕಾಲ ಬಕೋಪವನ್ನು ಶೋಧಿಸಿ, ಬಕೋಸೈಡ್ ಎಂಬ ಅದರ ಸಾರವನ್ನು ಬೇರ್ಪಡಿಸಿತು. 1990ರ ದಶಕದಲ್ಲಿ ಅದು ಮೆಮೊರಿ ಪ್ಲಸ್ ಎಂಬ ಹೆಸರಿನಲ್ಲಿ ಪೇಟೆಗೆ ಬಂತು. ಜಾಹೀರಾತಿನಲ್ಲಿ ಚೆಸ್ ಆಟಗಾರ ವಿಶ್ವನಾಥನ್ ಆನಂದ್. ಪರೀಕ್ಷೆ ಹತ್ತಿರ ಬಂದರೆ ಮಕ್ಕಳಿಗೂ ಅದೇ ಮಾತ್ರೆ, ಮರೆವು ಬಂದರೆ ಅಜ್ಜನಿಗೂ ಅದೇ.

ಫಲ ಇದೆಯೇ? ಹನ್ನೆರಡು ವಾರ ತಿಂದವರಲ್ಲಿ ಕಲಿತದ್ದನ್ನು ನೆನಪಿಸಿಕೊಳ್ಳುವ ಶಕ್ತಿ ತುಸು ಹೆಚ್ಚಿತು ಎನ್ನುವ ಕೆಲವು ಪ್ರಯೋಗಗಳು ಇವೆ. ಎಲ್ಲವೂ ಚಿಕ್ಕವು, ಹತ್ತಾರು ಮಂದಿಯ ಮೇಲೆ ಮಾಡಿದಂಥವು. ಮರೆಗುಳಿ ಕಾಯಿಲೆಯನ್ನು ಅದು ತಡೆಯುತ್ತದೆ ಎಂದು ಯಾರೂ ತೋರಿಸಿಲ್ಲ. ನನಗೆ ಒಂದೆಲಗದ ತಂಬುಳಿಯ ಮೇಲೆ ತಕರಾರಿಲ್ಲ, ಅದು ಊಟ. ಕಲ್ಕ ತಿನ್ನುತ್ತೇನೆ, ಬಿಪಿ ಮಾತ್ರೆ ಬಿಡುತ್ತೇನೆ ಅನ್ನುವವರ ಮೇಲೆ ಇದೆ.

ದೊಡ್ಡ ಪ್ರಯೋಗಗಳ ಗತಿ ಏನಾಯಿತು ಕೇಳಿ. ಗಿಂಕೊ ಎಂಬ ಚೀನಾದ ಮರದ ಎಲೆಯ ಸಾರವನ್ನು ಅಮೆರಿಕದಲ್ಲಿ 75 ದಾಟಿದ 3,069 ಮಂದಿಯ ಮೇಲೆ ಪರೀಕ್ಷಿಸಿದರು. ಅರ್ಧ ಮಂದಿಗೆ ದಿನಕ್ಕೆ 240 ಮಿಲಿಗ್ರಾಂ ಗಿಂಕೊ, ಉಳಿದವರಿಗೆ ಅದೇ ಬಣ್ಣದ ಹುಸಿ ಮಾತ್ರೆ. 2008ರಲ್ಲಿ ಫಲಿತಾಂಶ ಬಂದಾಗ ಮರೆಗುಳಿತನ ಬಂದ ಪ್ರಮಾಣದಲ್ಲಿ ಎರಡೂ ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಿ ಮತ್ತು ಇ ಜೀವಸತ್ವ, ಮೀನೆಣ್ಣೆಯ ಕೊಬ್ಬು, ಮಲ್ಟಿವಿಟಮಿನ್ ಮಿಶ್ರಣ ಇವುಗಳನ್ನು ಮರೆಗುಳಿತನ ತಡೆಯಲೆಂದು ಶಿಫಾರಸು ಮಾಡಬೇಡಿ ಎಂದಿತು. ಆಮೇಲೆ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ದಿನಕ್ಕೊಂದು ಮಲ್ಟಿವಿಟಮಿನ್ ಹಿರಿಯರ ನೆನಪಿಗೆ ಕೊಂಚ ಒಳ್ಳೆಯದು ಮಾಡಿದಂತೆ ಕಂಡಿದೆ. ಚರ್ಚೆ ಇನ್ನೂ ಮುಗಿದಿಲ್ಲ. ಆಕ್ಸ್‌ಫರ್ಡ್‌ನಿಂದ 2010ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಹಿಡಿಸಿತು. ಮರೆವು ಶುರುವಾದ ಎಪ್ಪತ್ತು ದಾಟಿದವರಿಗೆ ಫೋಲಿಕ್ ಆಮ್ಲ, ಬಿ6, ಬಿ12 ಕೊಟ್ಟಾಗ ಮೆದುಳು ಕುಗ್ಗುವ ವೇಗ ತಗ್ಗಿತು. ಹೆಚ್ಚು ಲಾಭವಾದದ್ದು ಈ ಜೀವಸತ್ವಗಳು ಕೊರತೆಯಾದಾಗ ಏರುವ ಹೋಮೋಸಿಸ್ಟೀನ್ ರಕ್ತದಲ್ಲಿ ಮೊದಲೇ ಹೆಚ್ಚಾಗಿದ್ದವರಿಗೆ. ಗೋಲ್ಡ್‌ಬರ್ಗರ್‌ನ ಕಾಲದಿಂದ ಇಲ್ಲಿಯವರೆಗೆ ಮಾತ್ರೆ ಗೆದ್ದದ್ದೆಲ್ಲ ಕೊರತೆ ಇದ್ದ ಕಡೆ. ಮಾರಾಟವಾಗುವುದು ಮಾತ್ರ ಬಹುಪಾಲು ಕೊರತೆ ಇಲ್ಲದವರಿಗೆ, ಯಾಕೆಂದರೆ ದುಡ್ಡಿರುವುದು ಅವರ ಹತ್ತಿರ.

ಮೀನೆಣ್ಣೆ ಅಂದೆನಲ್ಲ, ಅದರ ಒಮೆಗಾ 3 ಕೊಬ್ಬಿನ ಬಡ ತಮ್ಮ ನಮ್ಮ ಅಗಸಿಯಲ್ಲಿ ಇದ್ದಾನೆ. ಅಗಸಿ ಬೀಜವನ್ನು ಹಂಚಿನ ಮೇಲೆ ಚಟಪಟ ಅನ್ನುವವರೆಗೆ ಹುರಿದು, ಬಳ್ಳೊಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಹುಣಸಿ, ಉಪ್ಪು ಹಾಕಿ ಕುಟ್ಟಿ ಹಿಂಡಿ ಮಾಡುತ್ತಾರೆ. ಕುಟ್ಟುವುದು ಬರೀ ರುಚಿಗಲ್ಲ. ಇಡೀ ಬೀಜ ನುಂಗಿದರೆ ಅದರ ಗಟ್ಟಿ ಸಿಪ್ಪೆ ಒಡೆಯದೆ ಹಾಗೇ ಹೊರಗೆ ಹೋಗುತ್ತದೆ, ಕುಟ್ಟಿದರೆ ಎಣ್ಣೆ ಮೈಗೆ ಸಿಗುತ್ತದೆ. ಆದರೆ ಈ ಎಣ್ಣೆಯ ಸ್ವಲ್ಪ ಭಾಗವನ್ನಷ್ಟೇ ದೇಹ ಮೆದುಳಿಗೆ ಬೇಕಾದ ಡಿಎಚ್ಎಗೆ ಬದಲಿಸಬಲ್ಲದು. ಹಾಗಾಗಿ ಅಗಸಿ ಹಿಂಡಿ ತಿಂದರೆ ಮರೆವು ಬರುವುದಿಲ್ಲ ಎಂದು ವಾಟ್ಸಾಪಿನಲ್ಲಿ ಬಂದರೆ ನಂಬಬೇಡಿ, ಹಿಂಡಿ ಮಾತ್ರ ಬಿಡಬೇಡಿ.

ಅಂಗಡಿಯಲ್ಲಿ ಮೆದುಳಿನ ಚಿತ್ರವಿರುವ ಡಬ್ಬಿ ಸಿಕ್ಕರೆ ತಿರುಗಿಸಿ ಹಿಂಭಾಗ ಓದಿ. ಮುಂದೆ ದಪ್ಪಕ್ಷರದಲ್ಲಿ ನೆನಪು, ಏಕಾಗ್ರತೆ, ಚುರುಕು ಅಂತೆಲ್ಲ ಇರುತ್ತದೆ. ಹಿಂದೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರದಲ್ಲಿ ನಾಟ್ ಫಾರ್ ಮೆಡಿಸಿನಲ್ ಯೂಸ್, ಅಂದರೆ ಇದು ಔಷಧಿಯಾಗಿ ಬಳಸಲು ಅಲ್ಲ ಅಂತಲೂ ಇರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಇಂಥ ಪೂರಕಗಳ ಮೇಲೆ ಹಾಗೆ ಬರೆಯಲೇಬೇಕು. ಕನ್ನಡದಲ್ಲೂ ದಪ್ಪಗೆ ಬರೆಯಿರಿ ಅಂತ ಕಡ್ಡಾಯ ಮಾಡಿದ್ದರೆ ವ್ಯಾಪಾರ ಎಷ್ಟು ಉಳಿಯುತ್ತಿತ್ತೋ.

ನಮ್ಮ ಹಳ್ಳಿ ಜನರ ಮೆದುಳಿಗೆ ವಯಸ್ಸು ಏನು ಮಾಡುತ್ತದೆ ಎನ್ನುವುದನ್ನು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ನೋಡುತ್ತಿದೆ. 45 ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಗಟ್ಟಲೆ ಬೆನ್ನುಹತ್ತುವ ಗುರಿ ಅವರದು. ಅವರದು ರಾಗಿ ಸೀಮೆ. ಜೋಳದ ಸೀಮೆಗೂ ಇಂಥದ್ದೊಂದು ಬೇಕು. 2022ರಲ್ಲಿ ನಿಮ್ಹಾನ್ಸ್ ಜೊತೆ ರಾಜ್ಯ ಸರ್ಕಾರ ಶುರು ಮಾಡಿದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ, ಮರೆವು, ಪಾರ್ಶ್ವವಾಯು, ಮೂರ್ಛೆ ರೋಗಗಳನ್ನು ಬೆಂಗಳೂರಿನವರೆಗೆ ಹೋಗದೆ ಗುರುತಿಸುವ ಉದ್ದೇಶದ್ದು.

ಕೊನೆಗೆ ಒಂದು ಕೆಲಸದ ಮಾತು. ರಕ್ತ ಕಡಿಮೆ ಇದೆ ಅಂತ ಹಿರಿಯರಿಗೆ ಬರೀ ಫೋಲಿಕ್ ಆಮ್ಲದ ಮಾತ್ರೆ ತಂದುಕೊಡುವ ರೂಢಿ ಇದೆ. ಒಳಗೆ ಬಿ12 ಕೊರತೆ ಇದ್ದರೆ, ಫೋಲಿಕ್ ಆಮ್ಲ ರಕ್ತವನ್ನು ಸರಿಮಾಡಿ ತೋರಿಸುತ್ತದೆ, ನರಗಳು ಮಾತ್ರ ಕೆಡುತ್ತಲೇ ಹೋಗುತ್ತವೆ. ಆದ್ದರಿಂದ ಅಜ್ಜಿಗೋ ಅಜ್ಜನಿಗೋ ಮರೆವು ಹೆಚ್ಚಾಗಿದ್ದರೆ ಮೊದಲು ಬಿ12, ಥೈರಾಯ್ಡ್, ಸಕ್ಕರೆ, ಬಿಪಿ ನೋಡಿಸಿ, ಕಿವಿ ಕೇಳುತ್ತದೆಯೇ ಅಂತಲೂ ನೋಡಿಸಿ. ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಕಷಾಯದ ಬಾಟಲಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರುವಿ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಗಿಂಕೊ ಸೇರಿಸಿದರೆ ರಕ್ತಸ್ರಾವದ ಅಪಾಯವಿದೆ. ಬಿ12 ಕೊರತೆ ಇದೆಯೆಂದು ಗೊತ್ತಾದರೆ ಚುಚ್ಚುಮದ್ದನ್ನು ಮೊದಮೊದಲು ಬೇಗ ಬೇಗ ಕೊಡುತ್ತಾರೆ, ಆಮೇಲೆ ಅಂತರ ಹೆಚ್ಚಿಸುತ್ತಾರೆ. ಪಾದದ ಜುಮ್ಮು ಕಡಿಮೆಯಾಯಿತು ಅಂತ ನಡುವೆ ನಿಲ್ಲಿಸಬೇಡಿ. ತಿಂಗಳುಗಟ್ಟಲೆ ತಡವಾಗಿ ಶುರು ಮಾಡಿದವರಲ್ಲಿ ಎಲ್ಲವೂ ಹಿಂದಿರುಗುವುದಿಲ್ಲ.