ಮಕ್ಕಳ ಅಂಗಸಾಧನೆಯೂ ಮನೆಯವರ ನಿಯಮವೂ
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವ ಬಂತೆಂದರೆ ನಾಡುನುಡಿಗಳ ಹಿರಿಮೆಯನ್ನು ಕುರಿತು ಮಾತನಾಡುವುದು ನಮ್ಮಲ್ಲಿ ರೂಢಿ. ಇಂದು ನಾವು ಮಕ್ಕಳ ಮೈಕಟ್ಟಿನ ವಿಷಯವನ್ನು ಎತ್ತಿಕೊಂಡಿದ್ದೇವೆ. ನಮ್ಮ ಸಭಾಗೃಹದಲ್ಲಿ ವಾರಕ್ಕೆ ಎರಡು ಸಂಜೆ ಮಕ್ಕಳಿಗೆ ಜೂಡೋ ಇಲ್ಲವೆ ಕರಾಟೆ ಕಲಿಸಬೇಕೆಂಬ ಸೂಚನೆ ಸಂಘದ ಮುಂದಿದೆ. ಶಿಕ್ಷಕರನ್ನು ಗೊತ್ತುಮಾಡುವುದು, ಚಾಪೆ ಕೊಳ್ಳುವುದು ಅಂಥ ದೊಡ್ಡ ಕೆಲಸವೇನೂ ಅಲ್ಲ. ಆದರೆ ಮೊದಲನೆಯ ತಿಂಗಳು ಮೂವತ್ತು ಮಕ್ಕಳು ಬಂದು, ನಾಲ್ಕನೆಯ ತಿಂಗಳಿಗೆ ಆರು ಮಂದಿ ಉಳಿದರೆ ಶಿಕ್ಷಕರು ಹೊರಟುಹೋಗುತ್ತಾರೆ. ಚಾಪೆಗಳು ಮೂಲೆ ಸೇರುತ್ತವೆ. ಆದುದರಿಂದ ಮಕ್ಕಳ ಉತ್ಸಾಹವನ್ನು ಅಳೆಯುವ ಮೊದಲು ಹಿರಿಯರ ನಿಶ್ಚಯವನ್ನು ಅಳೆದುಕೊಳ್ಳುವುದು ಒಳ್ಳೆಯದು.

ಈ ವಿದ್ಯೆ ನಮಗೆ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಆಹಾರ, ವ್ಯಾಯಾಮ, ಕಾಳಗ ಇವುಗಳ ವಿವರಣೆಯುಂಟು. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಮೈಸೂರಿನ ಗರಡಿಮನೆಗಳ ಕೆಮ್ಮಣ್ಣು, ದಸರೆಯ ಕುಸ್ತಿ, ವಿಜಯದಶಮಿಯಂದು ಅರಮನೆಯಲ್ಲಿ ಜೆಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗ ಇವೆಲ್ಲ ಹಿರಿಯರಿಗೆ ತಿಳಿದ ಸಂಗತಿಗಳೇ. ಆ ಕಾಳಗದಲ್ಲಿ ನೆತ್ತರು ಕಂಡೊಡನೆ ಆಟ ಮುಗಿಯಿತು. ಎಷ್ಟೇ ರೋಷವಿದ್ದರೂ ಕೈ ತಡೆಯಬೇಕು. ತುಳುನಾಡಿನಿಂದ ಬಂದ ಬಂಧುಗಳಿಗಂತೂ ಕೋಟಿ-ಚೆನ್ನಯರ ಗರಡಿಯೆಂದರೆ ದೇವಸ್ಥಾನಕ್ಕೆ ಸಮಾನ. ಸಾಮು ಮಾಡುವ ಸ್ಥಳವನ್ನು ಪೂಜಾಸ್ಥಾನವೆಂದು ಕಂಡ ಜನ ನಾವು.

ನಾವು ಬಂದು ನೆಲೆಸಿದ ಈ ಮುಂಬಯಿಯಲ್ಲೂ ಈ ವಿದ್ಯೆಗೆ ಕೊರತೆಯಿಲ್ಲ. ದಾದರಿನ ಶಿವಾಜಿ ಪಾರ್ಕಿನಲ್ಲಿ 1925ರಲ್ಲಿ ಸ್ಥಾಪಿತವಾದ ಸಮರ್ಥ ವ್ಯಾಯಾಮ ಮಂದಿರವಿದೆ. ಹರಳೆಣ್ಣೆ ಸವರಿದ ಕಂಬದ ಮೇಲೆ ಮಲ್ಲಕಂಬ ಮಾಡುವ ಮಕ್ಕಳನ್ನು ಅಲ್ಲಿ ನೋಡಬಹುದು. 2019ರಲ್ಲಿ ಮೊದಲನೆಯ ವಿಶ್ವ ಮಲ್ಲಕಂಬ ಸ್ಪರ್ಧೆ ಆ ಶಿವಾಜಿ ಪಾರ್ಕಿನಲ್ಲಿಯೇ ನಡೆಯಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುಸ್ತಿಯ ಕಂಚಿನ ಪದಕ ಗೆದ್ದ ಖಾಶಾಬಾ ಜಾಧವರು ಕರಾಡದ ಬಳಿಯ ಗೋಳೇಶ್ವರದವರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ಬಂದ ಮೊದಲನೆಯ ಪದಕ ಅದು. ‘ಹೆಣ್ಣುಮಕ್ಕಳಿಗೇಕೆ ಇದೆಲ್ಲ?’ ಎನ್ನುವವರು 2016ರ ರಿಯೊದಲ್ಲಿ ಕುಸ್ತಿಯ ಕಂಚು ತಂದ ಸಾಕ್ಷಿ ಮಲಿಕ್ ಅವರನ್ನು ನೆನೆಯಬೇಕು. ರಾತ್ರಿ ಒಂಬತ್ತರ ಲೋಕಲ್ ಗಾಡಿಯಲ್ಲಿ ಒಬ್ಬಳೇ ಮನೆಗೆ ಬರಬೇಕಾದ ಮಗಳಿಗೆ ಈ ವಿದ್ಯೆ ಮಗನಿಗಿಂತ ಹೆಚ್ಚಾಗಿಯೇ ಬೇಕು.

ಜೂಡೋ, ಕರಾಟೆಗಳು ಪರದೇಶದ ವಿದ್ಯೆಗಳೆಂಬ ಸಂಕೋಚ ಬೇಡ. ಇವೆರಡನ್ನೂ ಬೆಳೆಸಿದವರಲ್ಲಿ ಶಾಲಾ ಮೇಷ್ಟರುಗಳು ಇದ್ದರು. 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ತೆರೆದು ಜೂಡೋ ಆರಂಭಿಸಿದ ಜಿಗೊರೊ ಕಾನೊ ಶಿಕ್ಷಣವನ್ನೇ ವೃತ್ತಿಯಾಗಿ ಹಿಡಿದವರು. ಓಕಿನಾವದಿಂದ ಬಂದು 1922ರಲ್ಲಿ ಟೋಕಿಯೊದಲ್ಲಿ ಕರಾಟೆಯನ್ನು ಪ್ರದರ್ಶಿಸಿದ ಗಿಚಿನ್ ಫುನಾಕೊಶಿ ಸಹ ಉಪಾಧ್ಯಾಯರು. ಓಕಿನಾವದ ಶಾಲಾಮಕ್ಕಳಿಗೆಂದು ಅಂಕೊ ಇತೊಸು ರೂಪಿಸಿದ ಐದು ಪಾಠಗಳಿಗೆ ‘ಶಾಂತಿ’ ಎಂಬರ್ಥದ ಹೆಸರಿದೆ. ಹೊಡೆದಾಟ ಕಲಿತ ಹುಡುಗ ಪುಂಡನಾಗುತ್ತಾನೆಂದು ಅಂಜುವ ತಾಯಂದಿರು ಇದನ್ನು ಗಮನಿಸಬೇಕು.

ಜೂಡೋದಲ್ಲಿ ಮೊತ್ತಮೊದಲು ಕಲಿಸುವುದು ಬೀಳುವ ಬಗೆಯನ್ನು. ಗದ್ದವನ್ನು ಎದೆಗೆ ಒತ್ತಿಕೊಂಡು, ಬೆನ್ನನ್ನು ಬಾಗಿಸಿ, ಕೈಯಿಂದ ಚಾಪೆಯನ್ನು ಬಡಿದು ಬಿದ್ದರೆ ತಲೆ ನೆಲಕ್ಕೆ ತಾಕದು. ಇದನ್ನು ಮೈ ತಾನಾಗಿ ಮಾಡುವವರೆಗೆ ನೂರಾರು ಸಲ ಬೀಳಬೇಕು. ಕರಾಟೆಯಲ್ಲಿಯೂ ಅಷ್ಟೆ, ನಿಲ್ಲುವ ಬಗೆ, ಒಂದು ಗುದ್ದು, ಒಂದು ತಡೆ, ಇವನ್ನೇ ತಿಂಗಳುಗಟ್ಟಲೆ ತಿದ್ದುತ್ತಾರೆ. ಬೇಸರ ಬರುವುದು ಇಲ್ಲಿಯೇ. ಬಿಳಿಯ ಪಟ್ಟಿ ಕಟ್ಟಿದ ಸಂಭ್ರಮ ಎರಡು ತಿಂಗಳಿಗೆ ಇಳಿಯುತ್ತದೆ. ಮೂರನೆಯ ತಿಂಗಳು ಮಗು ‘ಇಂದು ಹೊಟ್ಟೆನೋವು’ ಎನ್ನುತ್ತದೆ. ಆ ಸಂಜೆ ಮನೆಯವರು ಏನು ಹೇಳುತ್ತಾರೆಂಬುದರ ಮೇಲೆ ಎಲ್ಲವೂ ನಿಂತಿದೆ.

ಬ್ಯಾಂಕಿನ ಗುಮಾಸ್ತರಾದ ನಮಗೆ ತಿಂಗಳ ಠೇವಣಿಯ ಹೋಲಿಕೆ ಸುಲಭವಾಗಿ ಹೊಳೆಯುತ್ತದೆ. ಕಟ್ಟುವ ಕಂತು ಚಿಕ್ಕದು. ತಪ್ಪದೆ ಕಟ್ಟುವುದರಲ್ಲಿ ಅದರ ಬಲ. ವಾರಕ್ಕೆ ಎರಡು ಸಂಜೆಯೆಂದರೆ ವರ್ಷಕ್ಕೆ ನೂರನಾಲ್ಕು. ಹಬ್ಬ, ಮಳೆ, ಜ್ವರ, ಊರಿನ ಪಯಣ ಎಲ್ಲ ಕಳೆದರೂ ಎಂಬತ್ತು ಉಳಿಯುತ್ತವೆ. ಮೂರು ತಿಂಗಳಿಗೆ ಬಿಟ್ಟ ಮಗುವಿನ ಖಾತೆಯಲ್ಲಿರುವುದು ಇಪ್ಪತ್ತೈದು ಕೂಡ ಇಲ್ಲ.

ಹಾಗಾದರೆ ಮನೆಯವರು ಮಾಡಬೇಕಾದುದೇನು? ಮೊದಲನೆಯದಾಗಿ, ಸೇರಿಸುವ ಮುಂಚೆ ಮಗುವನ್ನು ಕೇಳಿ, ಒಂದು ವರ್ಷದ ಮಾತು ಪಡೆಯಬೇಕು. ನಾವೂ ಅದಕ್ಕೆ ಮಾತು ಕೊಡಬೇಕು. ಎರಡನೆಯದಾಗಿ, ಪರೀಕ್ಷೆಯ ತಿಂಗಳಲ್ಲಿ ಎರಡು ಸಂಜೆಯನ್ನು ಒಂದಕ್ಕೆ ಇಳಿಸಬಹುದು, ಪೂರ್ತಿ ನಿಲ್ಲಿಸಬಾರದು. ಮೂರನೆಯದಾಗಿ, ಕಚೇರಿಯಿಂದ ತಡವಾಗಿ ಬರುವವರು ನೆರೆಯ ಎರಡು ಮೂರು ಮನೆಗಳವರೊಡನೆ ಸರದಿ ಗೊತ್ತುಮಾಡಿಕೊಂಡರೆ ಕರೆತರುವ ತೊಂದರೆ ಇರದು. ನಾಲ್ಕನೆಯದಾಗಿ, ಶಿಕ್ಷಕರನ್ನು ಕಣ್ಣಿಟ್ಟು ಆರಿಸಬೇಕು. ಹೆತ್ತವರು ಕುಳಿತು ನೋಡಲು ಒಪ್ಪದ, ಹಣ ತೆತ್ತೊಡನೆ ಬಣ್ಣದ ಪಟ್ಟಿ ಕೊಡುವ, ಎಳೆಯರನ್ನು ತಲೆಗೆ ಹೊಡೆದಾಡಲು ಬಿಡುವ ಶಿಕ್ಷಕರು ನಮಗೆ ಬೇಡ. ಉಬ್ಬಸ ಮೊದಲಾದ ತೊಂದರೆಯುಳ್ಳ ಮಕ್ಕಳ ವಿಷಯದಲ್ಲಿ ವೈದ್ಯರ ಸಲಹೆ ಪಡೆಯಬೇಕು. ಪಕ್ಕದ ಮನೆಯ ಹುಡುಗನಿಗೆ ಹಸಿರು ಪಟ್ಟಿ ಬಂತೆಂದು ನಮ್ಮ ಮಗುವನ್ನು ಹಳಿಯುವುದಂತೂ ಸಲ್ಲದು.

ಇನ್ನೊಂದು ಅರಿಕೆ. ಕರಾಟೆ ಕಲಿಯುವ ನಮ್ಮ ಮಕ್ಕಳು ‘ಇಚಿ, ನಿ, ಸನ್’ ಎಂದು ಜಪಾನೀ ಭಾಷೆಯಲ್ಲಿ ಹತ್ತರವರೆಗೆ ಲೀಲಾಜಾಲವಾಗಿ ಎಣಿಸುತ್ತಾರೆ. ಕನ್ನಡದಲ್ಲಿ ಮೂವತ್ತೊಂಬತ್ತು ಎಷ್ಟೆಂದರೆ ಅಮ್ಮನ ಮುಖ ನೋಡುತ್ತಾರೆ! ನಮ್ಮ ಸಭಾಗೃಹದಲ್ಲಿ ಪಾಠದ ಮೊದಲು ಐವತ್ತು ಬಸ್ಕಿ ಇರಲಿ. ಎಣಿಕೆ ಕನ್ನಡದಲ್ಲಿ ನಡೆಯಲಿ. ಎಣಿಸುವ ಕೆಲಸ ಅಜ್ಜಂದಿರದಾಗಲಿ. ಮೈಗೆ ಸಾಮು, ನಾಲಿಗೆಗೆ ನುಡಿ, ಎರಡೂ ಒಟ್ಟಿಗೆ ಆದೀತು.

ಸಭೆ ಮುಗಿದ ತರುವಾಯ ಕಾರ್ಯದರ್ಶಿಗಳ ಮೇಜಿನ ಮೇಲೆ ಒಂದು ಪುಸ್ತಕವಿರುತ್ತದೆ. ಮಗುವಿನ ಹೆಸರಿನ ಎದುರಿಗೆ ತಂದೆಯಾಗಲಿ ತಾಯಿಯಾಗಲಿ ಒಂದು ವರ್ಷಕ್ಕೆ ಒಪ್ಪಿ ರುಜು ಹಾಕಬೇಕೆಂದು ಬೇಡಿಕೊಳ್ಳುತ್ತೇವೆ. ಹದಿನೈದು ರುಜುಗಳಾದರೆ ಪಾಠ ಆರಂಭಿಸುವ ಧೈರ್ಯ ಸಂಘಕ್ಕೆ ಬರುತ್ತದೆ.